ಮಗಳ ಐಇಪಿಯಲ್ಲಿ (ಅವಳಿಗೆಂದೇ ಶಾಲೆಯವರು ಮಾಡುವ ಕಲಿಕೆಯ ಯೋಜನೆ) ಬರೀ "ಸಂವಹನ ಸುಧಾರಿಸುವುದು" ಅಂತ ಉಂಟು. ಮೀಟಿಂಗ್‌ನಲ್ಲಿ ಎಂತ ಕೇಳಬೇಕು?

ಕಾಪು_ಅಮ್ಮ ಕೇಳಿದ್ದು:

ನನ್ನ ಮಗಳಿಗೆ ಎಂಟು ವರ್ಷ. ಆಟಿಸಂ ಉಂಟು, ಬುದ್ಧಿ ಬೆಳವಣಿಗೆಯೂ ಸ್ವಲ್ಪ ಹಿಂದೆ ಅಂತ ರಿಪೋರ್ಟ್‌ನಲ್ಲಿ ಬರೆದಿದ್ದಾರೆ. ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಆಗಿದೆ. ಉಡುಪಿ ಕಡೆಯ ಒಂದು ಸಾಮಾನ್ಯ ಶಾಲೆಯಲ್ಲಿ ಎರಡನೇ ಕ್ಲಾಸ್. ಅಲ್ಲಿಗೆ ಸ್ಪೆಷಲ್ ಎಜುಕೇಟರ್ ವಾರದಲ್ಲಿ ಎರಡು ದಿನ ಬರುತ್ತಾರೆ. ಮನೆಯಲ್ಲಿ ನಾವು ತುಳು, ಶಾಲೆಯಲ್ಲಿ ಕನ್ನಡ, ಥೆರಪಿಗೆ ಹೋದರೆ ಅಲ್ಲಿ ಜಾಸ್ತಿ ಇಂಗ್ಲಿಷ್. ಅವಳಿಗೆ ನಾಲ್ಕೈದು ಪದ ಬರುತ್ತದೆ, ಅದೂ ತುಳುವಿನಲ್ಲಿ. ಬೇಕಾದದ್ದನ್ನು ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾಳೆ.

ಈ ವರ್ಷದ ಐಇಪಿ ಅಂತ ಒಂದು ಹಾಳೆ ಕೊಟ್ಟರು. ಅದರಲ್ಲಿ ಇರುವುದು ಇಷ್ಟೇ: ಸಂವಹನ ಸುಧಾರಿಸುವುದು, ಏಕಾಗ್ರತೆ ಹೆಚ್ಚಿಸುವುದು, ಹಠ ಕಡಿಮೆ ಮಾಡುವುದು, ಅಕ್ಷರ ಮತ್ತು ಸಂಖ್ಯೆ ಪರಿಚಯ, ಸಾಮಾಜಿಕ ಕೌಶಲ. ಕೆಳಗೆ ನನ್ನ ಸಹಿಗೆ ಜಾಗ. ಕಳೆದ ವರ್ಷದ ಹಾಳೆಯಲ್ಲೂ ಹೆಚ್ಚು ಕಡಿಮೆ ಇದೇ ಇತ್ತು. ಅದೇ ಶಾಲೆಯ ಇನ್ನೊಬ್ಬ ಹುಡುಗನ ಅಮ್ಮ ತೋರಿಸಿದ ಹಾಳೆಯಲ್ಲೂ ಇದೇ ಸಾಲುಗಳು. ಅವನಿಗೆ ಮಾತು ಚೆನ್ನಾಗಿ ಬರುತ್ತದೆ, ಓದುವುದರಲ್ಲಿ ಮಾತ್ರ ತೊಂದರೆ.

ನಾನು ಇನ್ನೂ ಸಹಿ ಹಾಕಿಲ್ಲ. ಮುಂದಿನ ವಾರ ಮೀಟಿಂಗ್ ಕೇಳಿದ್ದೇನೆ. ಶಾಲೆಯವರು ಅವಳನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ಜಗಳ ಮಾಡಲಿಕ್ಕೆ ನನಗೆ ಮನಸ್ಸಿಲ್ಲ. ಆದರೆ ಈ ಹಾಳೆ ಹಿಡಿದುಕೊಂಡು ಮಾರ್ಚ್‌ನಲ್ಲಿ ಅವಳು ಎಂತ ಕಲಿತಳು ಅಂತ ಹೇಳುವುದು ಹೇಗೆ? ಒಳ್ಳೆಯ ಐಇಪಿ ಹೇಗಿರುತ್ತದೆ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಪಾಠದ_ಮೇಜು:

ನಾನು ಮಂಗಳೂರಿನಲ್ಲಿ ಸ್ಪೆಷಲ್ ಎಜುಕೇಟರ್. ಸಹಿ ಹಾಕದೆ ಇದ್ದದ್ದು ಒಳ್ಳೆಯದಾಯ್ತು. ನೀವು ಬರೆದ ಐದು ಸಾಲಿನಲ್ಲಿ ಒಂದೂ ಗುರಿ ಅಲ್ಲ. ಅವು ವಿಷಯಗಳ ಹೆಸರು, ಅಷ್ಟೇ.

ಮೀಟಿಂಗ್‌ನಲ್ಲಿ ಮೊದಲು ಗುರಿಯ ಬಗ್ಗೆ ಕೇಳಬೇಡಿ. "ಅವಳು ಈಗ ಎಲ್ಲಿದ್ದಾಳೆ, ಅದನ್ನು ಯಾವುದರಿಂದ ನೋಡಿದಿರಿ?" ಅಂತ ಕೇಳಿ. ನಮ್ಮ ವಿಶೇಷ ಶಾಲೆಗಳಲ್ಲಿ ಎಂಡಿಪಿಎಸ್ ಅಂತ ಒಂದು ಪಟ್ಟಿ ಬಳಸುತ್ತಾರೆ. ಅದರಲ್ಲಿ 18 ವಿಭಾಗ, ಒಂದೊಂದರಲ್ಲಿ 20ರಂತೆ ಒಟ್ಟು 360 ಕೆಲಸಗಳು, ಸುಲಭದಿಂದ ಕಷ್ಟಕ್ಕೆ. ಮಗು ಮಾಡುವುದಕ್ಕೆ ಎ, ಮಾಡದಿದ್ದರೆ ಬಿ. ಎ ಮುಗಿದು ಬಿ ಶುರುವಾಗುವ ಜಾಗದಲ್ಲೇ ಮುಂದಿನ ಗುರಿ ಸಿಗುತ್ತದೆ. ಬುದ್ಧಿ ಬೆಳವಣಿಗೆ ಹಿಂದಿರುವವರಿಗಾಗಿ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಮಾಡಿದ ಎಫ್‌ಎಸಿಪಿ ಅಂತ ಇನ್ನೊಂದು ಪಟ್ಟಿಯೂ ಉಂಟು. ಯಾವುದನ್ನಾದರೂ ಬಳಸಲಿ, ಆದರೆ ನೋಡಿ ಬರೆದಿರಬೇಕು. ಮತ್ತೆ ಈ ಪಟ್ಟಿ ತುಂಬುವಾಗ ನೀವು ಪಕ್ಕದಲ್ಲಿ ಇರಲೇಬೇಕು. ಮನೆಯಲ್ಲಿ ತಾನೇ ಅಂಗಿ ಹಾಕಿಕೊಳ್ಳುವ ಮಗು ಶಾಲೆಯಲ್ಲಿ ಅದನ್ನು ಮಾಡಿ ತೋರಿಸುವುದಿಲ್ಲ. ಶಾಲೆಯವರು ಬಿ ಹಾಕಿಬಿಡುತ್ತಾರೆ.

ಇನ್ನು ಗುರಿ. "ಸಂವಹನ ಸುಧಾರಿಸುವುದು" ಅನ್ನುವ ಸಾಲಿನ ಜಾಗದಲ್ಲಿ ನಾನಾದರೆ ಹೀಗೆ ಬರೆಯುತ್ತೇನೆ: "ಊಟದ ಬಿಡುವಿನಲ್ಲಿ ಇಷ್ಟದ ತಿಂಡಿಯ ಡಬ್ಬ ಕಣ್ಣಿಗೆ ಕಾಣುವಂತೆ, ಕೈಗೆ ಸಿಗದಂತೆ ಇಟ್ಟಾಗ, ಅವಳು ಆ ತಿಂಡಿಯ ಚಿತ್ರದ ಕಾರ್ಡನ್ನು ಎದುರಿದ್ದವರ ಕೈಗೆ ತಾನಾಗಿ ಕೊಡುತ್ತಾಳೆ. 10 ಅವಕಾಶಗಳಲ್ಲಿ 8 ಸಲ, ಕನಿಷ್ಠ ಇಬ್ಬರು ಬೇರೆ ಬೇರೆ ಜನರ ಹತ್ತಿರ, ಸೆಪ್ಟೆಂಬರ್ ಕೊನೆಯೊಳಗೆ." ಈಗ ನೋಡಿ, ಇದನ್ನು ಯಾರು ಬೇಕಾದರೂ ನೋಡಿ ಆಯ್ತೋ ಇಲ್ಲವೋ ಹೇಳಬಹುದು, ನಾಳೆ ಹೊಸ ಟೀಚರ್ ಬಂದರೂ ಹೇಳಬಹುದು.

ಕಾರ್ಡ್ ಕೊಟ್ಟರೆ ಮಾತು ಬರುವುದಿಲ್ಲ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಚಿತ್ರ, ಸನ್ನೆ, ಮಾತಾಡುವ ಆ್ಯಪ್ ಯಾವುದೂ ಮಾತನ್ನು ತಡೆಯುವುದಿಲ್ಲ. ಎಷ್ಟೋ ಮಕ್ಕಳಲ್ಲಿ ಅದರ ಜೊತೆಗೇ ಮಾತು ಬರುತ್ತದೆ.

"ಹಠ ಕಡಿಮೆ ಮಾಡುವುದು" ಅನ್ನುವ ಸಾಲನ್ನು ಮಾತ್ರ ಪೂರ್ತಿ ತೆಗೆಸಿ. ಹಠ ಅಂದರೆ ಯಾವುದು? ಕಿರುಚುವುದಾ, ಕೈ ಕಚ್ಚಿಕೊಳ್ಳುವುದಾ, ನೆಲದಲ್ಲಿ ಕೂತುಬಿಡುವುದಾ? ಅದಕ್ಕೆ ಮುಂಚೆ ಎಂತ ಆಗಿತ್ತು, ಆದ ಮೇಲೆ ಅವಳಿಗೆ ಎಂತ ಸಿಕ್ಕಿತು? ಒಂದೆರಡು ವಾರ ಬರೆದಿಟ್ಟರೆ ಸಾಮಾನ್ಯವಾಗಿ ಕಾರಣ ಕಾಣುತ್ತದೆ. ಪ್ರಾರ್ಥನೆಯ ಮೈಕ್ ಶಬ್ದ ತಡೆಯಲಾರದೆ ಕಿರುಚುವ ಮಗುವಿಗೂ, ಬರೆಯುವ ಕೆಲಸ ತಪ್ಪಿಸಲು ಕಿರುಚುವ ಮಗುವಿಗೂ ಬೇಕಾದದ್ದು ಬೇರೆ ಬೇರೆ. ಮೊದಲನೆಯ ಮಗುವನ್ನು ಮೈಕ್‌ನಿಂದ ದೂರ ನಿಲ್ಲಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಎರಡನೆಯ ಮಗುವಿಗೆ "ಸಾಕು" ಅಂತ ಹೇಳುವ ಒಂದು ಕಾರ್ಡ್ ಕಲಿಸಬೇಕು, ಕೆಲಸವನ್ನೂ ಚಿಕ್ಕದು ಮಾಡಬೇಕು. ಗುರಿ ಯಾವಾಗಲೂ ಮಗು ಎಂತ ಮಾಡುತ್ತದೆ ಅನ್ನುವುದರ ಬಗ್ಗೆ ಇರಲಿ. ಎಂತ ಮಾಡಬಾರದು ಅನ್ನುವುದರ ಬಗ್ಗೆ ಬೇಡ.

ಸುರತ್ಕಲ್_ಅಪ್ಪ:

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಅಪ್ಪನಾಗಿ ಒಂದು ಮಾತು ಸೇರಿಸುತ್ತೇನೆ. ನನ್ನ ಮಗನಿಗೆ ಈಗ ಹದಿನೇಳು. ಡೌನ್ ಸಿಂಡ್ರೋಮ್.

ಆ ಹಾಳೆಯಲ್ಲಿ "ಅಕ್ಷರ ಮತ್ತು ಸಂಖ್ಯೆ ಪರಿಚಯ" ಅಂತ ಉಂಟಲ್ಲ, ಅದನ್ನು ಯಾಕೆ ಹಾಕಿದ್ದೀರಿ ಅಂತ ಕೇಳಿ. ನನ್ನ ಮಗನ ಯೋಜನೆಯಲ್ಲಿ ವರ್ಷಗಟ್ಟಲೆ ಅ ಆ ಇ ಈ ಬರೆಯುವುದು ಇತ್ತು. ಪುಸ್ತಕ ತುಂಬಿತು. ಅವನಿಗೆ ಬಸ್ಸಿನ ಬೋರ್ಡಿನಲ್ಲಿ ಸುರತ್ಕಲ್ ಅಂತ ಗುರುತಿಸಲು ಬರುತ್ತಿರಲಿಲ್ಲ. ಆಮೇಲೆ ಬಂದ ಒಬ್ಬ ಟೀಚರ್ ಅಕ್ಷರಮಾಲೆ ಬಿಟ್ಟು ನಮ್ಮ ಊರಿನ ಬೋರ್ಡು, ಅವನ ಹೆಸರು, ಅಂಗಡಿಯ ಹೆಸರು, ಗಂಡಸರ ಶೌಚಾಲಯದ ಬೋರ್ಡು ಇಷ್ಟನ್ನು ಪೂರ್ತಿ ಪದವಾಗಿ ಕಲಿಸಿದರು. ದುಡ್ಡು ಕೂಡ ಹಾಗೆಯೇ. ನೂರರವರೆಗೆ ಬಾಯಿಪಾಠ ಹೇಳುತ್ತಿದ್ದ ಹುಡುಗನಿಗೆ ಹತ್ತರ ನೋಟು ಕೊಟ್ಟು ಚಿಲ್ಲರೆಗೆ ಕಾಯುವುದು ಗೊತ್ತಿರಲಿಲ್ಲ. ಈಗ ಗೊತ್ತು. ಮನೆಯಲ್ಲಿ ಅಮ್ಮ ಮಲ್ಲಿಗೆ ಕಟ್ಟುವಾಗ ಅವನು ಮೊಗ್ಗನ್ನು ಹತ್ತು ಹತ್ತರ ಗುಂಪು ಮಾಡಿ ಇಡುತ್ತಾನೆ. ಅದೂ ಯೋಜನೆಯಲ್ಲಿ ಬರೆದ ಗುರಿಯೇ.

ನಿಮ್ಮ ಮಗಳಿಗೆ ಎಂಟು ವರ್ಷ ಆಯ್ತು. ಹದಿನೆಂಟು ಆಗುವಾಗ ಅವಳು ಯಾರ ಸಹಾಯ ಇಲ್ಲದೆ ಎಂತ ಮಾಡಬೇಕು ಅಂತ ನೀವಿಬ್ಬರೂ ಕೂತು ಮಾತಾಡಿ, ಅದನ್ನು ಬರೆದುಕೊಂಡು ಮೀಟಿಂಗ್‌ಗೆ ಹೋಗಿ. ಮುಟ್ಟಿನ ದಿನಗಳನ್ನು ನಿಭಾಯಿಸುವುದು, ಯಾರು ಮೈ ಮುಟ್ಟಬಹುದು ಯಾರು ಮುಟ್ಟಬಾರದು ಅನ್ನುವುದು, ಇವುಗಳ ತಯಾರಿ ಈಗಿಂದಲೇ ಶುರುವಾಗಬೇಕು. ಶಾಲೆಯವರು ಸಂಕೋಚದಿಂದ ಈ ವಿಷಯ ತೆಗೆಯುವುದಿಲ್ಲ. ನೀವೇ ತೆಗೆಯಬೇಕು.

ಕಾರ್ಕಳ_ಟೀಚರ್:

ಸರಕಾರಿ ಶಾಲೆಯಲ್ಲಿ ಪಾಠ ಮಾಡುವವಳು ನಾನು. ನಮ್ಮ ಕಡೆಯಿಂದಲೂ ಸ್ವಲ್ಪ ಕೇಳಿ.

ಅಕ್ಷರ ಪೂರ್ತಿ ಬಿಡಿ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಎಂಟು ವರ್ಷಕ್ಕೇ "ಇವಳಿಗೆ ಓದು ಆಗುವುದಿಲ್ಲ" ಅಂತ ಬಾಗಿಲು ಹಾಕುವುದು ತಪ್ಪು. ಮಾತು ಬಾರದ ಮಕ್ಕಳಲ್ಲಿ ಓದು ಚೆನ್ನಾಗಿ ಬರುವವರೂ ಇದ್ದಾರೆ. ಮಾತಿನಲ್ಲಿ ಹೇಳಲಿಕ್ಕೆ ಆಗುವುದಿಲ್ಲ ಅಂತ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ. ಓದಿನ ಗುರಿ ಒಂದಾದರೂ ಇರಲಿ. ಚಿತ್ರಕ್ಕೆ ಪದ ಹೊಂದಿಸುವ ಕೆಲಸ ಕೊಟ್ಟು ನೋಡಿ, ಅದಕ್ಕೆ ಮಾತೂ ಬೇಡ, ಪೆನ್ಸಿಲೂ ಬೇಡ.

ಎರಡನೆಯದು. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬಳೇ ಟೀಚರ್ ಇರುವಾಗ ಹದಿನೈದು ಗುರಿ ಬರೆದರೆ ಒಂದೂ ನಡೆಯುವುದಿಲ್ಲ. ಮೂರು ತಿಂಗಳಿಗೆ ಮೂರೋ ನಾಲ್ಕೋ ಸಾಕು. ಪ್ರತಿ ಗುರಿಯ ಮುಂದೆ ಯಾರು, ಯಾವ ಹೊತ್ತಿನಲ್ಲಿ ಅಂತ ಬರೆಸಿ. "ಸ್ಪೆಷಲ್ ಎಜುಕೇಟರ್" ಅಂತ ಮಾತ್ರ ಬರೆದರೆ ಉಳಿದ ದಿನಗಳಲ್ಲಿ ಯಾರೂ ಮಾಡುವುದಿಲ್ಲ. ಊಟದ ಹೊತ್ತು, ಹಾಜರಿ ಹೇಳುವ ಹೊತ್ತು, ಮನೆಗೆ ಹೊರಡುವ ಹೊತ್ತು, ಇವೆಲ್ಲ ಹೇಗೂ ದಿನವೂ ಬರುತ್ತವೆ. ಅದರೊಳಗೆ ಸೇರಿಸಿದರೆ ನಮಗೂ ಸುಲಭ.

ಕೈ ತೊಳೆಯುವುದನ್ನೇ ತಗೊಳ್ಳಿ. ನಲ್ಲಿ ತಿರುಗಿಸುವುದು, ಸಾಬೂನು, ಉಜ್ಜುವುದು, ನೀರು ಹಾಕುವುದು, ನಲ್ಲಿ ನಿಲ್ಲಿಸುವುದು, ಒರೆಸುವುದು ಅಂತ ಹಂತ ಮಾಡಿಕೊಂಡು ಕೊನೆಯ ಹಂತದಿಂದ ಕಲಿಸಲು ಶುರು ಮಾಡುತ್ತೇವೆ. ಉಳಿದದ್ದಕ್ಕೆಲ್ಲ ನಾವು ಕೈ ಹಿಡಿಯುತ್ತೇವೆ, ಒರೆಸುವುದು ಮಾತ್ರ ಅವಳೇ. ಅದು ಬಂದ ಮೇಲೆ ನಲ್ಲಿ ನಿಲ್ಲಿಸುವುದೂ ಅವಳೇ. ಪ್ರತಿ ಸಲವೂ ಕೆಲಸವನ್ನು ಮುಗಿಸಿದವಳು ಅವಳಾಗುತ್ತಾಳೆ, ಅದರಿಂದ ಮಗುವಿಗೆ ಆಸಕ್ತಿ ಬಿಡುವುದಿಲ್ಲ. ಗೋಡೆಯಲ್ಲಿ ಒಂದು ಚಾರ್ಟ್ ಅಂಟಿಸಿ ತಾನೇ ಮಾಡಿದರೆ ಟಿಕ್, ಬಾಯಲ್ಲಿ ಹೇಳಿಸಿಕೊಂಡರೆ "ಮಾ", ಕೈ ಹಿಡಿಸಿಕೊಂಡರೆ "ಕೈ". ಅದಕ್ಕೆ ಅರ್ಧ ನಿಮಿಷ ಸಾಕು. ದೊಡ್ಡ ಫಾರ್ಮ್ ಕೊಟ್ಟರೆ ಯಾವ ಟೀಚರೂ ತುಂಬುವುದಿಲ್ಲ.

ಸರಕಾರಿ ಶಾಲೆ ಆದರೆ ಬಿಆರ್‌ಸಿಯಲ್ಲಿರುವ (ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಟೀಚರನ್ನು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು, ಮೀಟಿಂಗ್‌ಗೆ ಕರೆಸಿಕೊಳ್ಳಿ ಅಂತಲೂ ಹೇಳುತ್ತಿದ್ದೆ. ನಿಮ್ಮದು ಯಾವ ಶಾಲೆ ಅಂತ ಬರೆದಿಲ್ಲ.

ಕಾಪು_ಅಮ್ಮ:

ತುಂಬಾ ಉಪಕಾರ ಆಯ್ತು. ನಮ್ಮದು ಖಾಸಗಿ ಶಾಲೆ. ಇವತ್ತು ಫೋನಿನಲ್ಲಿ ಮಾತಾಡುವಾಗ ಆಫೀಸಿನವರು "ಐಇಪಿ ಅಂತ ನಮ್ಮ ದೇಶದ ಕಾನೂನಿನಲ್ಲಿ ಇಲ್ಲ, ನಾವು ಒಳ್ಳೆಯ ಮನಸ್ಸಿನಿಂದ ಮಾಡುವುದು" ಅಂದರು. ಹೌದಾ? ಇನ್ನೊಂದು, ಕಾರ್ಡಿನಲ್ಲಿ ಯಾವ ಭಾಷೆ ಇರಬೇಕು? ಮತ್ತೆ ಈ ಮಳೆಗೆ ಡಿಸಿಯವರು ರಜೆ ಕೊಡುತ್ತಲೇ ಇದ್ದಾರೆ. ಒಂದು ರಜೆ ಬಂದರೆ ಮರುದಿನ ಅವಳು ಶಾಲೆಯ ಗೇಟಿನಲ್ಲೇ ಕೂತುಬಿಡುತ್ತಾಳೆ.

ಪಾಠದ_ಮೇಜು:

ಐಇಪಿ ಅನ್ನುವ ಹೆಸರು ನಮ್ಮ ಕಾನೂನಿನಲ್ಲಿ ಇಲ್ಲ, ಅದು ನಿಜ. ಅಮೆರಿಕದಲ್ಲಿ 1975ರ ಕಾನೂನಿನಿಂದಲೇ ಅದು ಕಡ್ಡಾಯ, ತಂದೆ ತಾಯಿ ಆ ತಂಡದಲ್ಲಿ ಇರಲೇಬೇಕು. ನಮ್ಮಲ್ಲಿ ಹಾಗೆ ಬರೆದಿಲ್ಲ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್‌ನಲ್ಲಿ, ಮಗುವಿಗೆ ಬೇಕಾದ ವೈಯಕ್ತಿಕ ಬೆಂಬಲ ಕೊಡಬೇಕು, ಅಂಗವೈಕಲ್ಯ ಇರುವ ಪ್ರತಿ ವಿದ್ಯಾರ್ಥಿಯ ಪ್ರಗತಿಯನ್ನು ಗಮನಿಸುತ್ತಿರಬೇಕು ಅಂತ ಉಂಟು. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳ ವಿಷಯದಲ್ಲೇ ಅದು ಹೇಳುವುದು. 17ನೇ ಸೆಕ್ಷನ್‌ನಲ್ಲಿ ಪರೀಕ್ಷೆಗೆ ಹೆಚ್ಚು ಸಮಯ, ಬರೆಯುವವರ ಸಹಾಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲ ಇದೆ. ಗುರಿಯನ್ನೇ ಬರೆಯದೆ ಪ್ರಗತಿ ಗಮನಿಸುವುದು ಹೇಗೆ ಅಂತ ಶಾಂತವಾಗಿ ಕೇಳಿ. ಜಗಳ ಬೇಡ ಅಂದಿರಲ್ಲ, ಇದಕ್ಕೆ ಜಗಳ ಬೇಕಾಗಿಯೂ ಇಲ್ಲ.

ಭಾಷೆ: ತುಳುವೇ ಇರಲಿ. ಅವಳು ಕೇಳಿ ಬೆಳೆದದ್ದು ಅದು, ಬಾಯಿಗೆ ಬಂದ ಪದಗಳೂ ಅದರವೇ. ಮಾತು ತಡವಾಗಿದೆ ಅಂತ ಮನೆಯಲ್ಲಿ ತುಳು ಬಿಟ್ಟು ಇಂಗ್ಲಿಷ್ ಶುರು ಮಾಡಿದ ಮನೆಗಳನ್ನು ನಾನು ನಮ್ಮ ಊರಿನಲ್ಲಿ ಬಹಳ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟ ಆಗುತ್ತದೆ, ಯಾಕೆಂದರೆ ಅಜ್ಜಿ ಮತ್ತು ಮಗುವಿನ ನಡುವಿನ ಮಾತೇ ನಿಂತುಹೋಗುತ್ತದೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಗುವಿಗೆ ಮಾತು ಇನ್ನೂ ತಡ ಆಗುವುದಿಲ್ಲ. ಚಿತ್ರದ ಕೆಳಗೆ ಕನ್ನಡ ಲಿಪಿಯಲ್ಲಿ "ಬೋಡು" (ಬೇಕು), "ಬೊಡ್ಚಿ" (ಬೇಡ) ಅಂತ ಬರೆಯಿರಿ. ಟೀಚರಿಗೆ ತುಳು ಬಾರದಿದ್ದರೂ ಓದಿ ಹೇಳಬಹುದು. ಅವಳು "ಬೋಡು" ಅಂದರೆ ಶಾಲೆಯಲ್ಲಿ ಅದಕ್ಕೆ ಉತ್ತರ ಸಿಗಬೇಕು ಅಂತ ಯೋಜನೆಯಲ್ಲೇ ಬರೆಸಿ. ಕನ್ನಡ ಆಮೇಲೆ ಸೇರಿಸುವ.

ಮಳೆ ರಜೆಗೆ: ಮನೆಯಲ್ಲಿ ಒಂದು ದಿನದ ಚಿತ್ರಪಟ್ಟಿ ಇಡಿ. ಶಾಲೆಯ ಚಿತ್ರ ತೆಗೆದು ಮಳೆಯ ಚಿತ್ರ ಹಾಕುವುದನ್ನು ಅವಳ ಕೈಯಿಂದಲೇ ಮಾಡಿಸಿ. ಮರುದಿನ ಬೆಳಿಗ್ಗೆ ಮಳೆ ತೆಗೆದು ಶಾಲೆ ಹಾಕಲಿ. ಗೇಟಿನಿಂದ ಕ್ಲಾಸಿಗೆ ಹೋಗುವುದನ್ನೂ ಗುರಿಯಾಗಿ ಬರೆಸಬಹುದು. ಮೊದಲು ಯಾರಾದರೂ ಒಬ್ಬರು ಗೇಟಿಗೆ ಬಂದು ಕರೆದೊಯ್ಯುವುದು, ಆಮೇಲೆ ಅರ್ಧ ದಾರಿಯಲ್ಲಿ ಕಾಯುವುದು, ಆಮೇಲೆ ಕ್ಲಾಸಿನ ಬಾಗಿಲಲ್ಲಿ.

ಸುರತ್ಕಲ್_ಅಪ್ಪ:

ಕಾರ್ಕಳ ಟೀಚರ್ ಹೇಳಿದ್ದು ಒಪ್ಪುತ್ತೇನೆ, ಎಂಟು ವರ್ಷಕ್ಕೆ ಓದು ಬಿಡುವುದು ಬೇಡ. ನಾನು ಹೇಳಿದ್ದು ಅದೇ ಪಾಠವನ್ನು ವರ್ಷ ವರ್ಷ ಎಳೆಯುವುದರ ಬಗ್ಗೆ. ಮೂರು ತಿಂಗಳು ಸರಿಯಾಗಿ ಕಲಿಸಿಯೂ ಚಾರ್ಟ್ ಅಲ್ಲೇ ನಿಂತಿದ್ದರೆ ಕಲಿಸುವ ರೀತಿ ಬದಲಾಯಿಸಬೇಕು, ಇಲ್ಲ ಗುರಿಯನ್ನು ಚಿಕ್ಕದು ಮಾಡಬೇಕು. ಅದಕ್ಕೆ ಮುಂದಿನ ಮೀಟಿಂಗ್‌ನ ತಾರೀಕನ್ನು ಈ ಮೀಟಿಂಗ್‌ನಲ್ಲೇ ಹಾಕಿಸಿಕೊಳ್ಳಿ, ದಸರಾ ರಜೆಗೆ ಮುಂಚೆ. ಹಾಳೆಯ ಒಂದು ಪ್ರತಿ ನಿಮಗೆ, ಇನ್ನೊಂದು ಥೆರಪಿಯವರಿಗೆ. ನಮ್ಮಲ್ಲಿ ಸ್ಪೀಚ್ ಥೆರಪಿಯವರು ಒಂದು ಕಲಿಸುತ್ತಿದ್ದರು, ಶಾಲೆಯವರು ಇನ್ನೊಂದು, ಇಬ್ಬರಿಗೂ ಒಬ್ಬರದ್ದು ಒಬ್ಬರಿಗೆ ಗೊತ್ತಿರಲಿಲ್ಲ. ಹಳೆಯ ಹಾಳೆಯನ್ನೂ ತಗೊಂಡು ಹೋಗಿ. ಅದರಲ್ಲಿ ಯಾವುದು ಆಯ್ತು, ಯಾವುದು ಆಗಲಿಲ್ಲ ಅಂತ ಒಂದೊಂದೇ ಸಾಲು ಓದಿ ಕೇಳಿ, ಹೊಸದರ ಬಗ್ಗೆ ಮಾತು ಆಮೇಲೆ.