ಡೊಮೇನ್ ಕೇಳಿಕೊಂಡು ಬಂದಿದ್ದಾರೆ, ಎಷ್ಟು ಹೇಳಲಿ? ಮಾರಿದವರು ಅನುಭವ ಹೇಳಿ

ತೋಟದಮನೆ
ಎಲ್ಲರಿಗೂ ನಮಸ್ಕಾರ. 2011ರಲ್ಲಿ ಅಡಿಕೆ ಧಾರಣೆ ಹಾಕುವ ಸೈಟ್ ಮಾಡೋಣ ಅಂತ ಒಂದು ಡಾಟ್ ಕಾಮ್ ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ತೆಗೆದುಕೊಂಡಿದ್ದೆ. ಎರಡು ಪದ, ಮೊದಲನೆಯದು ಅಡಿಕೆ. ಪೂರ್ತಿ ಹೆಸರು ಇಲ್ಲಿ ಹಾಕಲ್ಲ, ಯಾಕೆ ಅಂತ ನಿಮಗೇ ಗೊತ್ತು. ನಾಲ್ಕು ವರ್ಷ ಸಾಗರ, ಶಿವಮೊಗ್ಗ, ಶಿರಸಿ ಮಂಡಿಗಳ ರೇಟು ದಿನಾ ಹಾಕಿದೆ. ಸರಕು, ಬೆಟ್ಟೆ, ರಾಶಿ, ಗೊರಬಲು, ಎಲ್ಲಾ ಬಗೆಯ ಅಡಿಕೆಯದ್ದೂ. ಆಮೇಲೆ ವಾಟ್ಸಾಪ್ ಗುಂಪುಗಳು ಬಂದವು, ಸೈಟ್ ನೋಡುವವರು ಇಲ್ಲವಾದರು, ನಿಲ್ಲಿಸಿದೆ. ಹೆಸರಿಗೆ ಮಾತ್ರ ವರ್ಷಾ ವರ್ಷಾ ದುಡ್ಡು ಕಟ್ಟುತ್ತಿದ್ದೇನೆ.

ಹೋದ ವಾರ ಒಬ್ಬರ ಮೇಲ್ ಬಂತು. ಸಾದಾ ಜಿಮೇಲ್ ವಿಳಾಸ. ಹೆಸರು ಕೊಡುತ್ತೀರಾ, 15,000 ಕೊಡುತ್ತೇವೆ ಅಂತ. ಯೋಚಿಸಿ ಹೇಳುತ್ತೇನೆ ಅಂದೆ. ಎರಡೇ ದಿನಕ್ಕೆ "ಹಾಗಾದರೆ ನಿಮ್ಮ ರೇಟು ನೀವೇ ಹೇಳಿ" ಅಂತ ಮತ್ತೆ ಬಂತು, ಫೋನ್ ನಂಬರ್ ಸಮೇತ. ಎಷ್ಟು ಕೇಳಬಹುದು? ಫೋನ್ ಮಾಡಲಾ, ಮೇಲ್‌ನಲ್ಲೇ ಮಾತಾಡಲಾ? ಅಪ್ಪ "ಮೊದಲು ಅವನು ಯಾರ ಪೈಕಿ ಅಂತ ನೋಡು" ಅನ್ನುತ್ತಾರೆ.

ಎರಡನೇ ಹಂತ
ಎರಡೇ ದಿನಕ್ಕೆ ತಿರುಗಿ ಬಂದ ಅಂದರೆ ಅವನಿಗೆ ಬೇಕೇ ಬೇಕು. ನೀವು ಸುಮ್ನೆ ಕೂತುಕೊಳ್ಳಿ.

ನನ್ನದು ಊಟಕ್ಕೆ ಸಂಬಂಧಪಟ್ಟ ಐದಕ್ಷರದ ಡಾಟ್ ಕಾಮ್. 2008ರಲ್ಲಿ ತೆಗೆದಿದ್ದು. 2018ರ ನವೆಂಬರ್‌ನಲ್ಲಿ ಅಮೆರಿಕದಿಂದ ಮೇಲ್, 300 ಡಾಲರ್ ಅಂತ. 11 ದಿನ ಉತ್ತರವೇ ಕೊಡಲಿಲ್ಲ. ಬರುವ 21 ಸಾವಿರವನ್ನೂ ಕಳೆಯುತ್ತೀರಿ ಅಂತ ಮನೆಯಲ್ಲಿ ಬೈಗುಳ. 12ನೇ ದಿನ 12,000 ಡಾಲರ್ ಅಂತ ಒಂದೇ ಸಾಲು ಬರೆದೆ. ಅವರು 1,500 ಅಂದರು. ನಾನು ಮತ್ತೆ ಸುಮ್ಮನಾದೆ. ಡಿಸೆಂಬರ್ ಪೂರ್ತಿ ಸದ್ದಿಲ್ಲ. ನಿದ್ದೆ ಬರಲಿಲ್ಲ ಅಂದರೆ ಸುಳ್ಳಲ್ಲ, ರಾತ್ರಿ 2ಕ್ಕೆ ಎದ್ದು ಮೇಲ್ ನೋಡುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ 4,000 ಅಂತ ಬಂತು. ಫೆಬ್ರವರಿಯಲ್ಲಿ 5,200ಕ್ಕೆ ಮುಗಿಯಿತು.

ಈಗ ಕೈಗೆ ಬಂದಿದ್ದು ಕೇಳಿ. ಹೆಸರು ಕೈ ಬದಲಾಗುವವರೆಗೆ ಹಣ ಹಿಡಿದಿಡುವ ಮಧ್ಯಸ್ಥರು ಇರುತ್ತಾರಲ್ಲ, ಆ ಎಸ್ಕ್ರೋ ಶುಲ್ಕದಲ್ಲಿ ನನ್ನ ಅರ್ಧ ಪಾಲು 84 ಡಾಲರ್. ಮಧ್ಯದ ಬ್ಯಾಂಕ್ ಯಾವುದೋ 25 ಡಾಲರ್ ನುಂಗಿತು. ಉಳಿದಿದ್ದು 5,091. ಆವತ್ತು ಪೇಟೆಯಲ್ಲಿ ಡಾಲರ್ 71.10, ನಮ್ಮ ಬ್ಯಾಂಕ್ ಕೊಟ್ಟಿದ್ದು 69.60. ಅಲ್ಲಿಗೆ 7,636 ರೂಪಾಯಿ ನಾಮ. ಬಂದಿದ್ದು 3,54,333. ಅದಕ್ಕೂ ಮೊದಲು ಹಣ ಒಂಬತ್ತು ದಿನ ತಡೆದಿದ್ದರು, ಯಾವ ಕಾರಣದ ಹಣ ಅಂತ ಕೋಡ್ ಬರೆಯಬೇಕಂತೆ. ಮ್ಯಾನೇಜರ್ ಕೇಳಿದರು, "ಏನ್ ಸ್ವಾಮಿ ಮಾರಿದ್ದು?" ಹೆಸರು ಅಂದೆ. "ಯಾರ ಹೆಸರು?" ಅಂದರು. ಇನ್ನೂ ಸಿಎ ಫೀಸು 6,000, ತೆರಿಗೆ ಬೇರೆ. ಆದರೂ ಸುಮ್ಮನಿದ್ದಿದ್ದಕ್ಕೆ 300 ಹೋಗಿ 5,200 ಆಯಿತು, ಅಷ್ಟೇ ನಾನು ಹೇಳುವುದು.

ದೋಸೆಕ್ಯಾಂಪು
ಈ "ಸುಮ್ನೆ ಕೂತುಕೊಳ್ಳಿ" ಅನ್ನುವವರಿಂದಲೇ ನಾನು ಹಾಳಾಗಿದ್ದು.

2014ರಲ್ಲಿ ನನ್ನ ಹೆಸರಿಗೆ 1 ಲಕ್ಷ 80 ಸಾವಿರ ಬಂದಿತ್ತು. ಒಳ್ಳೆಯ ಜನ, ಕನ್ನಡದವರೇ, ದಾವಣಗೆರೆಗೆ ಬಂದು ಬೆಣ್ಣೆದೋಸೆ ತಿನ್ನುತ್ತಾ ಮಾತಾಡೋಣ ಅಂದಿದ್ದರು. ಇಂಥದ್ದೇ ಕಡೆ ಓದಿ, ಜ್ಞಾನಿಗಳ ಮಾತು ಕೇಳಿ, 25 ಲಕ್ಷ ಅಂದೆ. ನಾಲ್ಕು ದಿನ ಆದ ಮೇಲೆ "ಥ್ಯಾಂಕ್ಯೂ ಸರ್" ಅಂತ ಒಂದು ಮೇಲ್. ಅಷ್ಟೇ. ಬೇರೆ ಹೆಸರಿಟ್ಟು ಅಂಗಡಿ ತೆರೆದರು, ಈಗ ಚೆನ್ನಾಗಿಯೇ ನಡೆಯುತ್ತಿದೆ, ಆ ಬೋರ್ಡ್ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅಲ್ಲಿಂದ ಇಲ್ಲಿಯವರೆಗೆ 11 ಸಲ ರಿನೀವಲ್ ಕಟ್ಟಿದ್ದೇನೆ. 650ರಿಂದ ಶುರುವಾಗಿ 1,350ಕ್ಕೆ ಬಂದಿದೆ. ಒಟ್ಟು 11,270, ಬರೆದಿಟ್ಟಿದ್ದೇನೆ. ಆ 1.80 ಲಕ್ಷ ಎಫ್‌ಡಿ ಇಟ್ಟಿದ್ದರೆ ಇವತ್ತಿಗೆ 3 ಲಕ್ಷ 80 ಸಾವಿರ ದಾಟುತ್ತಿತ್ತು. ಆಮೇಲೆ ಒಬ್ಬನೂ ಕೇಳಿಲ್ಲ. ಒಬ್ಬನೂ.

15,000 ಬಂದರೆ ತಗೊಂಡು ಕೈ ತೊಳೆದುಕೊಳ್ಳಿ.

ಎರಡನೇ ಹಂತ
1.80ಕ್ಕೆ 25 ಲಕ್ಷ ಕೇಳಿದ್ದು ನಿಮ್ಮ ದುರಾಸೆ, ಅದಕ್ಕೆ ಸುಮ್ಮನಿರುವುದನ್ನು ಯಾಕೆ ಬೈಯುತ್ತೀರಿ? ಎಂಟು ಹತ್ತು ಪಟ್ಟು ಕೇಳಬಹುದು, ಅದೂ ಹೆಸರಲ್ಲಿ ದಮ್ ಇದ್ದರೆ.

ದೋಸೆಕ್ಯಾಂಪು
300 ಡಾಲರಿಗೆ 12,000 ಕೇಳಿದವರು ನೀವು. ಅದು ನಲವತ್ತು ಪಟ್ಟು ಆಗುತ್ತದೆ ಸ್ವಾಮಿ. ನನ್ನದು ಹದಿನಾಲ್ಕೂ ಇಲ್ಲ. ನಿಮಗೆ ಬಂದರೆ ಜಾಣತನ, ನಮಗೆ ಬರದಿದ್ದರೆ ದುರಾಸೆ.

ಹುಬ್ಬಳ್ಳಿ ಮಂದಿ
ಇಬ್ಬರೂ ಜಗಳ ಬಿಡ್ರೀ. ರೇಟು ಆಮೇಲೆ. ಮೇಲ್‌ನಲ್ಲಿ ಏನು ಬರೆಯುತ್ತೀರಿ ಅನ್ನುವುದು ಮೊದಲು. ನಾನು ಒಂದು ಮೇಲ್‌ನಿಂದ ಹೆಸರು ಕಳೆದುಕೊಂಡವನು, ಒಂದು ರೂಪಾಯಿ ಬರಲಿಲ್ಲ.

ನನ್ನದು ಡಾಟ್ ಇನ್. ಪೈಪ್ ಮಾರುವ ಒಂದು ಕಂಪನಿಯ ಹೆಸರಿಗೆ ಹತ್ತಿರ ಇತ್ತು. ಹತ್ತಿರ ಅಷ್ಟೇ, ಅದೇ ಅಲ್ಲ. ನಾನೇ ಮೊದಲು ಬರೆದೆ ನೋಡ್ರೀ, ಅಲ್ಲೇ ತಪ್ಪಿದ್ದು. ನಿಮ್ಮ ಕಂಪನಿಗೆ ಇದು ಬೇಕಾಗಬಹುದು, 3 ಲಕ್ಷ ಕೊಡಿ ಅಂತ. ಅವರು ಉತ್ತರ ಬರೆಯಲಿಲ್ಲ. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಗೆ ದೂರು ಕೊಟ್ಟರು. ಮಧ್ಯಸ್ಥಗಾರರು ಬಂದರು, ಎಲ್ಲಾ ಕಾಗದದ ಮೇಲೆ, ಮುಖ ನೋಡುವುದೇ ಇಲ್ಲ. ನನ್ನ ಆ ಮೇಲ್ ಮೊದಲನೇ ಲಗತ್ತು. ಟ್ರೇಡ್‌ಮಾರ್ಕ್ ಇದ್ದವರಿಗೇ ನಮ್ಮ ಖರ್ಚಿಗಿಂತ ಜಾಸ್ತಿ ಬೆಲೆಗೆ ಮಾರಲು ಹೋಗುವುದು ಕೆಟ್ಟ ಉದ್ದೇಶದ ಗುರುತು ಅಂತ ಡಾಟ್ ಕಾಮ್ ನಿಯಮದಲ್ಲೂ ಇದೆ, ಡಾಟ್ ಇನ್‌ನಲ್ಲೂ ಇದೆ. ಡಾಟ್ ಕಾಮ್ ಆದರೆ ಬರೆಸಿದ್ದೂ ಕೆಟ್ಟ ಉದ್ದೇಶಕ್ಕೆ, ಬಳಸಿದ್ದೂ ಕೆಟ್ಟ ಉದ್ದೇಶಕ್ಕೆ ಅಂತ ಎರಡೂ ತೋರಿಸಬೇಕು. ಡಾಟ್ ಇನ್‌ಗೆ ಎರಡರಲ್ಲಿ ಒಂದು ಸಾಕು. ಇದು ನನಗೆ ವಕೀಲರಿಗೆ 35,000 ಕೊಟ್ಟ ಮೇಲೆ ಗೊತ್ತಾಯಿತು. ಹೋಗಿ ಬರುವ ಬಸ್ ಖರ್ಚು ಲೆಕ್ಕ ಹಾಕಿಲ್ಲ.

ಎರಡನೇ ಹಂತ
ಹತ್ತಿರ ಅಷ್ಟೇ ಅಂತೆ. ಇನ್ನೊಬ್ಬರ ಹೆಸರು ಹಿಡಿದುಕೊಂಡು ಅವರಿಗೇ ಮಾರಲು ಹೋದರೆ ಅದು ವ್ಯಾಪಾರವಲ್ಲ ಸಾರ್. ನಿಮ್ಮಂಥವರಿಂದಲೇ ನಮಗೆಲ್ಲ ಕೆಟ್ಟ ಹೆಸರು.

ಹುಬ್ಬಳ್ಳಿ ಮಂದಿ
ಅಷ್ಟು ಸಾಚಾ ಆಗಬೇಡ್ರೀ. ಜಿಯೋ, ಹಾಟ್‌ಸ್ಟಾರ್ ಒಂದಾಗುವ ಮೊದಲೇ ಜಿಯೋಹಾಟ್‌ಸ್ಟಾರ್ ಹೆಸರು ಬರೆಸಿಕೊಂಡಿದ್ದ ದೆಹಲಿಯ ಒಬ್ಬ ಡೆವಲಪರ್ 2024ರಲ್ಲಿ ಕೇಂಬ್ರಿಜ್ ಓದಿನ ಖರ್ಚು ಕೊಡಿ ಅಂತ ಕೇಳಿದಾಗ ಇಡೀ ದೇಶ ಚಪ್ಪಾಳೆ ಹೊಡೆಯಿತು. ಹುಬ್ಬಳ್ಳಿಯವನು ಕೇಳಿದರೆ ಕಳ್ಳ.

ದೋಸೆಕ್ಯಾಂಪು
ಚಪ್ಪಾಳೆ ಹೊಡೆಯಿತು, ದುಡ್ಡು ಯಾರು ಕೊಟ್ಟರು? ಕಂಪನಿ ಕೊಡಲಿಲ್ಲ ಅಲ್ವಾ.

ಎರಡನೇ ಹಂತ
ಹೆಸರು ನ್ಯಾಯವಾಗಿ ನಿಮ್ಮದೇ ಆಗಿದ್ದರೆ ಯಾರೂ ಕಿತ್ತುಕೊಳ್ಳಲಾಗುವುದಿಲ್ಲ. ಅಮೆರಿಕದ ಉಝಿ ನಿಸ್ಸಾನ್ 1994ರಲ್ಲಿ ತನ್ನ ಮನೆತನದ ಹೆಸರಲ್ಲಿ ನಿಸ್ಸಾನ್ ಡಾಟ್ ಕಾಮ್ ಬರೆಸಿದ. 1999ರಲ್ಲಿ ಕಾರು ಕಂಪನಿ ಕೇಸ್ ಹಾಕಿತು. ವರ್ಷಗಟ್ಟಲೆ ಬಡಿದಾಡಿ ಹೆಸರು ಉಳಿಸಿಕೊಂಡ.

ಹುಬ್ಬಳ್ಳಿ ಮಂದಿ
ಉಳಿಸಿಕೊಂಡ. ಲಕ್ಷಗಟ್ಟಲೆ ಡಾಲರ್ ವಕೀಲರಿಗೆ ಸುರಿದು. ಅದನ್ನು ಯಾಕೆ ಬಿಟ್ಟಿರಿ?

ಶಾರ್ಜಾದಿಂದ
ಮಾರುವ ಮಾತು ಆಮೇಲೆ. ಹೆಸರು ಇನ್ನೂ ನಿಮ್ಮ ಕೈಯಲ್ಲಿ ಇದೆಯಾ ನೋಡಿ ಮೊದಲು. ತಮಾಷೆ ಅಲ್ಲ.

ನಮ್ಮೂರ ಜಾತ್ರೆಯ ಹೆಸರಲ್ಲಿ ನನ್ನದೊಂದು ಸೈಟ್ ಇತ್ತು. ರಥೋತ್ಸವದ ಫೋಟೋ, ಹಳೇ ಕರಪತ್ರ, ದೇಣಿಗೆ ಕೊಟ್ಟವರ ಪಟ್ಟಿ, ಎಲ್ಲಾ 12 ವರ್ಷದ್ದು. ರಿನೀವಲ್ ತಾನಾಗಿಯೇ ಆಗುವಂತೆ ಊರಿನ ಬ್ಯಾಂಕ್ ಕಾರ್ಡ್ ಕೊಟ್ಟಿದ್ದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತಲ್ಲ, ಕಾರ್ಡ್‌ನಿಂದ ತಾನಾಗಿ ಹಣ ಕಡಿಯಬೇಕಾದರೆ ಮತ್ತೆ ಒಪ್ಪಿಗೆ ಕೊಡಬೇಕು ಅಂತ. ನನ್ನ ಹೆಸರಿನ ಗಡುವು ನವೆಂಬರ್ 6. ಹಣ ಕಡಿಯಲಿಲ್ಲ. ಓಟಿಪಿ ಬರುವ ಸಿಮ್ ತುಮಕೂರಿನ ಮನೆಯ ಡ್ರಾಯರ್‌ನಲ್ಲಿ. ಎಚ್ಚರಿಕೆಯ ಮೇಲ್‌ಗಳೆಲ್ಲ ಹೋಗಿದ್ದು ಎಂದೋ ಬಿಟ್ಟ ಬ್ರಾಡ್‌ಬ್ಯಾಂಡ್ ಕಂಪನಿಯ ವಿಳಾಸಕ್ಕೆ. ಫೆಬ್ರವರಿಯಲ್ಲಿ ಜಾತ್ರೆ ಹತ್ತಿರ ಬಂತು ಅಂತ ತೆರೆದರೆ ಆನ್‌ಲೈನ್ ರಮ್ಮಿ ಜಾಹೀರಾತು. ತಪ್ಪಿದ ಹೆಸರು ಬಿಡಿಸಿಕೊಳ್ಳಲು ಕೊಡುವ ರಿಡೆಂಪ್ಷನ್ 30 ದಿನ ಮುಗಿದು, ಹೆಸರು ಅಳಿಸುವ ಮೊದಲಿನ 5 ದಿನವೂ ಮುಗಿದು, ಯಾರೋ ಕಾದಿದ್ದು ಹಿಡಿದುಕೊಂಡಿದ್ದರು. ಈಗ 2,488 ಡಾಲರ್ ಅನ್ನುತ್ತಾರೆ. 400 ಕೊಡುತ್ತೇನೆ ಅಂದೆ. ಉತ್ತರವಿಲ್ಲ. ಈ ಎರಡನೇ ಹಂತದ ಮಹಾಶಯರ ಹಾಗೆ "ಸುಮ್ನೆ ಕೂತಿದ್ದಾನೆ" ಅವನೂ. ಬೇಕಾದವನ ಕಡೆ ನಿಂತು ನೋಡಿ, ಆಗ ಗೊತ್ತಾಗುತ್ತದೆ ನಿಮ್ಮ ಜಾಣತನ ಎಂಥದ್ದು ಅಂತ. ನಮ್ಮ ದೇವರ ಹೆಸರಲ್ಲಿ ಇಸ್ಪೀಟು ಆಡಿಸುತ್ತಿದ್ದಾರೆ.

ರಿನೀವಲ್ ಯಾವಾಗ ನಿಮ್ಮದು?

ಕಡಲತಡಿ
ಜಿಮೇಲ್ ಅಂತ ಓದಿದ ಕೂಡಲೇ ನನಗೆ ಕೈ ನಡುಗಿತು. ನನಗೆ 2020ರಲ್ಲಿ ಬಂದಿದ್ದೂ ಹೀಗೆಯೇ. 8,500 ಡಾಲರ್ ಕೊಡುತ್ತೇನೆ ಅಂದ, ಚೌಕಾಸಿಯೇ ಇಲ್ಲ, ಎರಡನೇ ಮೇಲ್‌ಗೇ ಒಪ್ಪಿಕೊಂಡ. ಒಂದೇ ಷರತ್ತು, ಹೆಸರಿನ ಬೆಲೆಗೆ ಪ್ರಮಾಣಪತ್ರ ತನ್ನಿ, ಯಂತ್ರ ಕೊಡುವ ಲೆಕ್ಕ ಬೇಡ, ಮನುಷ್ಯರು ನೋಡಿ ಕೊಟ್ಟಿದ್ದೇ ಬೇಕು ಅಂತ. ಎಲ್ಲಿ ಸಿಗುತ್ತದೆ ಅಂತ ಅವನೇ ಕೊಂಡಿ ಕೊಟ್ಟ. 95 ಡಾಲರ್ ಕಟ್ಟಿದೆ. ಸುಂದರವಾದ ಸರ್ಟಿಫಿಕೇಟ್ ಬಂತು, ಬೆಲೆ 9,100 ಅಂತ. ಖುಷಿಯಾಗಿ ಮಗಳಿಗೆ ಲ್ಯಾಪ್‌ಟಾಪ್ ನೋಡಿಟ್ಟೆ. ಆಮೇಲೆ ಟ್ರೇಡ್‌ಮಾರ್ಕ್ ತಪಾಸಣೆಯದ್ದೂ ಬೇಕು ಅಂದ, ಇನ್ನೊಂದು 120. ಅದನ್ನೂ ಕಟ್ಟಿದೆ. ಅಲ್ಲಿಂದ ಮುಂದೆ ಆಸಾಮಿ ಇಲ್ಲ. ಪ್ರಮಾಣಪತ್ರ ಮಾರುವವನೂ ಅವನೇ, ಕೊಳ್ಳುವವನ ವೇಷವೂ ಅವನದೇ.

ಎರಡನೇ ಹಂತ
ಇದು ಹಳೇ ಮೋಸ, ಎಲ್ಲರಿಗೂ ಗೊತ್ತಿರುವಂಥದ್ದು. 95 ಕಳೆದ ಮೇಲೆ 120 ಕಟ್ಟಿದಿರಲ್ಲ ಅಕ್ಕ.

ಕಡಲತಡಿ
ಎಲ್ಲರಿಗೂ ಗೊತ್ತಿದ್ದರೆ ನನಗೆ ಯಾಕೆ ಆಗುತ್ತಿತ್ತು? ಅನುಭವ ಹೇಳಿ ಅಂದರು, ಹೇಳಿದೆ. ನಿಮ್ಮ ಬ್ಯಾಂಕು 7,636 ರೂಪಾಯಿ ನುಂಗಿದಾಗ ನೀವು ಏನು ಮಾಡಿದಿರಿ, ಒಂಬತ್ತು ದಿನ ಅಳುತ್ತಾ ಕೂತಿರಿ.

ತೋಟದಮನೆಯವರೇ, ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದೀರಿ ಹೆಸರನ್ನು? ಡಿ ಆದ ಮೇಲೆ ಐ ಇದೆಯಾ, ಎ ಇದೆಯಾ? ನಮ್ಮ ಕಡೆ ಅಡಕೆ ಅಂತ ಬರೆಯುವವರೇ ಜಾಸ್ತಿ. ಐ ಇದ್ದರೆ ಬೆಲೆ ಕಮ್ಮಿ.

ಹುಬ್ಬಳ್ಳಿ ಮಂದಿ
ನಮ್ಮಲ್ಲಿ ಅಡಕಿ. ಕೊನೆಗೂ ಐ ಬರುತ್ತದೆ.

ದೋಸೆಕ್ಯಾಂಪು
ಚನ್ನಗಿರಿ ಕಡೆ ಬಂದು ಕೇಳಿ, ಅಡಿಕೆ ಅಂತಲೇ ಅನ್ನುತ್ತಾರೆ. ಬೆಳೆಯುವವರು ಹೇಳಿದ್ದೇ ಸರಿ.

ಕಡಲತಡಿ
ಬೆಳೆಯುವವರು ನೀವು ಮಾತ್ರವಾ? ಪುತ್ತೂರಿನವರು ಏನು ಗೇರುಬೀಜ ಮಾತ್ರ ಬೆಳೆಯುತ್ತಾರಾ? ಚಾಲಿ ಅಡಕೆ ಹೋಗುವುದು ಎಲ್ಲಿಂದ ಅಂತ ಗೊತ್ತುಂಟಾ?

ಹುಬ್ಬಳ್ಳಿ ಮಂದಿ
ಇದಕ್ಕೇ ನಾನು ಹೇಳುವುದು, ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಹೆಸರು ತೆಗೆದುಕೊಳ್ಳಬೇಕು ಅಂತ. ಐ ಇಲ್ಲ, ಎ ಇಲ್ಲ. ನನ್ನ ಹತ್ತಿರ ನಾಲ್ಕು ಇವೆ.

ಶಾರ್ಜಾದಿಂದ
ನಾಲ್ಕಕ್ಕೂ ಗಿರಾಕಿ ಬಂದರಾ? ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಎಕ್ಸ್ ಎನ್, ಎರಡು ಗೀಟು, ಆಮೇಲೆ ಅರ್ಥವಾಗದ ಅಕ್ಷರಗಳ ರಾಶಿ ಬರುತ್ತದೆ. ಅಡಿಕೆಯೋ ಅಡಕೆಯೋ ಅನ್ನುವ ಜಗಳ ಕನ್ನಡದಲ್ಲಿ ಬರೆದರೂ ಹಾಗೇ ಇರುತ್ತದಲ್ಲ ಮಾರಾಯರೇ.

ತೆರಿಗೆಪುಟ್ಟ
ಮೇಲೆ ಒಬ್ಬರು "ತೆರಿಗೆ ಬೇರೆ" ಅಂತ ಎರಡೇ ಪದದಲ್ಲಿ ಮುಗಿಸಿದ್ದಾರೆ. ಬಂಡವಾಳ ಲಾಭ ಅಂತ ತೋರಿಸಿದಿರಾ? ಹೆಸರು ಕೈಯಲ್ಲಿದ್ದು 36 ತಿಂಗಳು ದಾಟಿದ್ದರೆ 2019ರಲ್ಲಿ ತೆರಿಗೆ 20 ಪರ್ಸೆಂಟ್. 2024ರ ಜುಲೈ 23ರಿಂದ 24 ತಿಂಗಳು ದಾಟಿದ್ದರೆ 12.5. ಹತ್ತಾರು ಹೆಸರು ಇಟ್ಟುಕೊಂಡು ಮಾರುವವರಾದರೆ ಅದು ವ್ಯಾಪಾರದ ಆದಾಯ ಅಂತ ತೆರಿಗೆ ಇಲಾಖೆಯವರು ಕೇಳಬಹುದು.

ಎರಡನೇ ಹಂತ
ನನ್ನ ತೆರಿಗೆ ನನ್ನ ಸಿಎ ನೋಡಿಕೊಂಡಿದ್ದಾರೆ. ನೀವು ಯಾರು?

ತೋಟದಮನೆ
ಕ್ಷಮಿಸಿ, ಮೂರು ದಿನ ಇತ್ತ ಬರಲು ಆಗಲಿಲ್ಲ. ಮಳೆ ಸ್ವಲ್ಪ ಬಿಟ್ಟಿತ್ತು, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸುತ್ತಿದ್ದೆವು. ಹೆಸರಿನಲ್ಲಿ ಇರುವುದು ಐ.

ಅಷ್ಟರಲ್ಲಿ ಒಂದು ಕೆಲಸ ಆಗಿಹೋಗಿದೆ. ಆ ನಂಬರಿಗೆ ಅಪ್ಪನೇ ಫೋನ್ ಮಾಡಿದ್ದಾರೆ. ತೀರ್ಥಹಳ್ಳಿ ಕಡೆಯ ಹುಡುಗನಂತೆ, ಬೆಂಗಳೂರಲ್ಲಿ ಕೆಲಸ ಬಿಟ್ಟು ಬಂದು ಅಡಿಕೆ ವ್ಯಾಪಾರಕ್ಕೆ ಆಪ್ ಮಾಡುತ್ತಿದ್ದಾನಂತೆ. ಅವನ ಅಜ್ಜನ ಮಂಡಿಗೆ ಅಪ್ಪ ಹಿಂದೆ ಅಡಿಕೆ ಹಾಕುತ್ತಿದ್ದರಂತೆ. ಅರ್ಧ ಗಂಟೆ ಅದೇ ಮಾತು. ಕೊನೆಗೆ ಅಪ್ಪ 60 ಸಾವಿರ ಅಂದರು, ಅವನು 40 ಅಂದ, 48ಕ್ಕೆ ಮಾತು ಕೊಟ್ಟುಬಿಟ್ಟಿದ್ದಾರೆ. ಹಣ ಯುಪಿಐ ಮಾಡುತ್ತೇನೆ, ಮೊದಲು ಹೆಸರು ವರ್ಗ ಮಾಡಿ ಅನ್ನುತ್ತಾನೆ. ಏನು ಮಾಡಲಿ?

ದೋಸೆಕ್ಯಾಂಪು
ಅಪ್ಪನ ಕಾಲಿಗೆ ನಮಸ್ಕಾರ ಮಾಡಿ. ನನಗೆ ಅಂಥವರೊಬ್ಬರು ಇರಲಿಲ್ಲ.

ಎರಡನೇ ಹಂತ
ಆಪ್ ಮಾಡುವವನಿಗೆ 48 ಸಾವಿರಕ್ಕಾ! ಎರಡು ಲಕ್ಷದ ಮಾಲು. ಫೋನ್ ಅವರ ಕೈಗೆ ಕೊಟ್ಟಿದ್ದು ಯಾರು?

ಕಡಲತಡಿ
ಮೊದಲು ಹೆಸರು ಕೊಡಬೇಡಿ. ಅಜ್ಜನ ಮಂಡಿ ಅಂತ ಯಾರು ಬೇಕಾದರೂ ಹೇಳಬಹುದು. ಅರ್ಧ ಮುಂಗಡ ತಗೊಳ್ಳಿ, ಇಲ್ಲವೇ ಎಸ್ಕ್ರೋ ಮಾಡಿ.

ಹುಬ್ಬಳ್ಳಿ ಮಂದಿ
48 ಸಾವಿರಕ್ಕೆ ಎಸ್ಕ್ರೋ ಎಲ್ಲಾ ಯಾಕ್ರೀ. ಇಬ್ಬರ ಖಾತೆಯೂ ಒಂದೇ ರಿಜಿಸ್ಟ್ರಾರ್ (ಹೆಸರು ಬರೆಸಿಕೊಡುವ ಕಂಪನಿ) ಹತ್ತಿರ ಇದ್ದರೆ ಐದು ನಿಮಿಷದ ಕೆಲಸ. ಎದುರಾ ಬದುರಾ ಕೂತು ಮಾಡಿ.

ಶಾರ್ಜಾದಿಂದ
ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ರಿನೀವಲ್ ಯಾವಾಗ?

ತೋಟದಮನೆ
ಈ ತಿಂಗಳ 9ಕ್ಕೆ ಇತ್ತು ಅನ್ನಿಸುತ್ತದೆ. ತಾನಾಗಿಯೇ ಆಗುತ್ತದೆ.

ಶಾರ್ಜಾದಿಂದ
ಯಾವ ಕಾರ್ಡು?

ತೋಟದಮನೆ
ಒಂದು ನಿಮಿಷ ತಾಳಿ, ನೋಡುತ್ತೇನೆ.