ಕ್ಲೈಂಟ್‌ಗಳನ್ನು ಊಟಕ್ಕೆ ಕರೆದಿದ್ದೇನೆ: ಬಿಲ್, ಕೆಲಸದ ಮಾತು, ಚಾಕು-ಫೋರ್ಕ್?

ಪ್ರಶ್ನೆ:
ಮುಂದಿನ ವಾರ ಮೂವರು ಕ್ಲೈಂಟ್‌ಗಳನ್ನು ರಾತ್ರಿ ಊಟಕ್ಕೆ ಕರೆದಿದ್ದೇವೆ. ಈ ಸಲ ಕರೆದಿರುವುದು ನಾನು, ಹಾಗಾಗಿ ಜವಾಬ್ದಾರಿಯೂ ನನ್ನದೇ. ಇಷ್ಟು ದಿನ ಬಾಸ್ ಪಕ್ಕ ಕೂತು ಊಟ ಮಾಡಿ ಬರುತ್ತಿದ್ದೆ. ಒಬ್ಬರು ಮದ್ಯ ಮುಟ್ಟುವುದಿಲ್ಲ ಅಂತ ಗೊತ್ತು, ಉಳಿದವರ ಬಗ್ಗೆ ಏನೂ ಗೊತ್ತಿಲ್ಲ. ಕಾಂಟ್ರಾಕ್ಟ್ ರಿನ್ಯೂವಲ್ ಮಾತು ಯಾವಾಗ ಎತ್ತಬೇಕು? ಅವರು ಪರ್ಸ್ ತೆಗೆದರೆ ಏನು ಮಾಡಬೇಕು? ಚಾಕು-ಫೋರ್ಕ್ ವಿಷಯದಲ್ಲೂ ಸ್ವಲ್ಪ ಅಳುಕಿದೆ.

ಉತ್ತರ 1:
ಕರೆದವರೇ ಬಿಲ್ ಕೊಡಬೇಕು, ಇದರಲ್ಲಿ ಎರಡು ಮಾತಿಲ್ಲ. ಅವರು ವಯಸ್ಸಿನಲ್ಲಿ, ಹುದ್ದೆಯಲ್ಲಿ ದೊಡ್ಡವರಾದರೂ ಅಷ್ಟೇ. ಸ್ವಲ್ಪ ಮುಂಚೆ ಹೋಗಿ ಕಾರ್ಡ್ ಕೊಟ್ಟು, ಬಿಲ್ ಟೇಬಲ್‌ಗೆ ತರಬೇಡಿ ಅಂತ ಹೇಳಿಬಿಡಿ. ಆಮೇಲೂ ಪರ್ಸ್ ತೆಗೆದರೆ ‘ಇವತ್ತು ನೀವು ನಮ್ಮ ಅತಿಥಿಗಳು’ ಅಂತ ಒಂದು ಸಲ ಹೇಳಿ, ಎಳೆದಾಟ ಬೇಡ. ಆದರೆ ಕೆಲವು ಕಂಪನಿಗಳಲ್ಲಿ ಬೇರೆಯವರು ಕೊಡಿಸುವ ಊಟಕ್ಕೂ ಮಿತಿ ಇರುತ್ತದೆ, ಸರ್ಕಾರಿ ಅಧಿಕಾರಿಗಳಾದರೆ ನಿಯಮ ಇನ್ನೂ ಬಿಗಿ ಇರಬಹುದು. ಅಂಥವರು ನಮ್ಮ ಪಾಲು ನಾವೇ ಕೊಡುತ್ತೇವೆ ಅಂದರೆ ಒತ್ತಾಯ ಮಾಡಲೇಬೇಡಿ, ಅದು ಅವರ ನೌಕರಿಯ ಪ್ರಶ್ನೆ.

ಊಟದ ವಿಷಯ ಈಗಲೇ ಕೇಳಿ. ಯಾವುದಾದರೂ ಅಲರ್ಜಿ ಇದೆಯಾ, ಏನಾದರೂ ತಿನ್ನುವುದಿಲ್ಲವಾ ಅಂತ ಮೂವರಿಗೂ ಒಂದೇ ರೀತಿ ಮೆಸೇಜ್ ಹಾಕಿ, ಆಮೇಲೆ ಜಾಗ ಆರಿಸಿ. ಮದ್ಯ ಬೇಡ ಅಂದವರನ್ನು ಯಾಕೆ ಅಂತ ಕೇಳಬಾರದು. ಎಲ್ಲರೆದುರು ‘ಇವರು ಕುಡಿಯಲ್ಲ’ ಅಂತ ನೀವೇ ಸಾರುವುದಂತೂ ಬೇಡವೇ ಬೇಡ.

ಉತ್ತರ 2:
ನಾನು ರೆಸ್ಟೋರೆಂಟ್‌ನಲ್ಲಿ ಬಡಿಸುವ ಕೆಲಸ ಮಾಡಿದವನು. ಫೋರ್ಕ್‌ಗೆ ಅಷ್ಟು ಹೆದರಬೇಡಿ. ಹೊರಗಡೆ ಇರುವುದನ್ನು ಮೊದಲು ತೆಗೆದುಕೊಳ್ಳಿ, ಮುಂದಿನ ಐಟಂ ಬಂದಾಗ ಅದರ ಒಳಗಿನದು. ಎಡಗಡೆಯ ಬ್ರೆಡ್ ತಟ್ಟೆ ನಿಮ್ಮದು, ಬಲಗಡೆಯ ನೀರಿನ ಲೋಟ ನಿಮ್ಮದು. ಚಾಕು-ಫೋರ್ಕ್ ಎರಡನ್ನೂ ತಟ್ಟೆ ಮೇಲೆ ಪಕ್ಕಪಕ್ಕ ಜೋಡಿಸಿಟ್ಟರೆ ಊಟ ಮುಗಿಯಿತು ಅಂತ ತಿಳಿದು ತಟ್ಟೆ ಎತ್ತುತ್ತೇವೆ, ಓರೆಯಾಗಿ ದೂರ ದೂರ ಇಟ್ಟರೆ ಇನ್ನೂ ತಿನ್ನುತ್ತಿದ್ದೀರಿ ಅಂತ ಅರ್ಥ. ಮಧ್ಯೆ ಎದ್ದು ಹೋಗುವಾಗ ನ್ಯಾಪ್ಕಿನ್ ಕುರ್ಚಿ ಮೇಲಿಡಿ. ಫೋರ್ಕ್ ಕೆಳಗೆ ಬಿದ್ದರೆ ಬಗ್ಗಿ ಹುಡುಕಬೇಡಿ, ಬೇರೆ ಕೇಳಿದರೆ ಕೊಡುತ್ತಾರೆ.

ಇದಕ್ಕಿಂತ ಜಾಸ್ತಿ ಕಣ್ಣಿಗೆ ಬೀಳುವುದು ಬೇರೆ. ಬಡಿಸುವವರ ಹತ್ತಿರ ನೀವು ಹೇಗೆ ಮಾತಾಡುತ್ತೀರಿ ಅಂತ ಕ್ಲೈಂಟ್ ನೋಡುತ್ತಲೇ ಇರುತ್ತಾರೆ. ಆರ್ಡರ್ ತಪ್ಪಾಗಿ ಬಂದಾಗ ಚಿಟಿಕೆ ಹೊಡೆದು ಕರೆದು ರೇಗಿದವರ ಎದುರು ಕೂತ ಅತಿಥಿಗಳ ಮುಖ ಸಣ್ಣಗಾಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಇನ್ನೊಂದು, ಅತಿಥಿ ಸೂಪ್ ಹೇಳಿದರೆ ನೀವೂ ಏನಾದರೂ ಸಣ್ಣದು ಹೇಳಿ. ಅವರೊಬ್ಬರೇ ತಿನ್ನುತ್ತಾ, ಉಳಿದವರು ಸುಮ್ನೆ ನೋಡುತ್ತಾ ಕೂತರೆ ಅವರಿಗೆ ಮುಜುಗರ ಅಲ್ವಾ?

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ರಿನ್ಯೂವಲ್ ಮಾತು?

ಉತ್ತರ 3:
ಮಧ್ಯಾಹ್ನದ ಊಟವಾಗಿದ್ದರೆ ಆರ್ಡರ್ ಕೊಟ್ಟ ಕೂಡಲೇ ಶುರು ಮಾಡಬಹುದಿತ್ತು, ಅವರಿಗೆ ವಾಪಸ್ ಆಫೀಸಿಗೆ ಹೋಗುವ ಆತುರ ಇರುತ್ತದೆ. ರಾತ್ರಿ ಹಾಗಲ್ಲ. ಮುಖ್ಯ ಊಟದ ತಟ್ಟೆಗಳು ಹೋಗಲಿ, ಕಾಫಿ ಹೊತ್ತಿಗೆ ‘ರಿನ್ಯೂವಲ್ ಬಗ್ಗೆ ಈ ವಾರ ಕೂತು ಮಾತಾಡೋಣವಾ’ ಅಂತ ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ರೇಟ್ ಚೌಕಾಸಿ ಊಟದ ಟೇಬಲ್ ಮೇಲೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವರೇ ಮೊದಲು ಎತ್ತಿದರೆ ಮಾತ್ರ ನುಣುಚಿಕೊಳ್ಳಬೇಡಿ, ಮುಖ್ಯ ಅಂಕಿಗಳು ನಿಮ್ಮ ಬಾಯಲ್ಲೇ ಇರಲಿ, ಯಾಕೆಂದರೆ ಲ್ಯಾಪ್‌ಟಾಪ್ ತೆಗೆಯುವ ಜಾಗ ಅದಲ್ಲ, ಫೋನ್ ಕೂಡ ಜೇಬಿನಲ್ಲೇ ಇರಬೇಕು.