ಪದ ಬೇಕು, ಅರ್ಜೆಂಟ್: ಮೇಯರ್ ಚುನಾವಣೆಯ ‘ರನ್‌ಆಫ್’ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ಶಿಕಾಗೋದಲ್ಲಿ ಈಚೆಗೆ ಸಿಟಿಜನ್ ಆಗಿರೋ ನಮ್ಮ ಹಿರಿಯರಿಗೆ ಅಂತ 2027ರ ಮೇಯರ್ ಚುನಾವಣೆ ಬಗ್ಗೆ ಒಂದು ಪುಟದ ಕರಪತ್ರ ಮಾಡ್ತಿದೀವಿ, ನಾಳೆ ಪ್ರಿಂಟಿಗೆ ಹೋಗ್ಬೇಕು. ಫೆಬ್ರವರಿಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಓಟು ಬರದಿದ್ರೆ ಮುಂದಿರೋ ಇಬ್ಬರ ಮಧ್ಯೆ ಏಪ್ರಿಲಲ್ಲಿ ಓಟಿಂಗ್ ಆಗುತ್ತಲ್ಲ, ಆ ರನ್‌ಆಫ್‌ಗೆ ‘ಮರುಚುನಾವಣೆ’ ಅಂತ ಬರೆದಿದೀನಿ. ಮತಪತ್ರದಲ್ಲಿ ಪಕ್ಷದ ಹೆಸರಿಲ್ಲದ ‘ನಾನ್‌ಪಾರ್ಟಿಸನ್’ ಚುನಾವಣೆಗೆ ‘ಪಕ್ಷೇತರ’. ಸರಿನಾ?

---

ಎರಡೂ ತಪ್ಪು ಮೇಡಂ, ಹಾಗೇ ಕಳಿಸ್ಬೇಡಿ.

ಮರುಚುನಾವಣೆ ಅಂದ್ರೆ ಮೊದಲು ನಡೆದದ್ದು ರದ್ದಾಯ್ತು ಅಂತ ಓದ್ಕೋತಾರೆ. ರನ್‌ಆಫಲ್ಲಿ ಏನೂ ರದ್ದಾಗಿರಲ್ಲ, ಮೊದಲ ಸುತ್ತಿನ ಫಲಿತಾಂಶದಿಂದಲೇ ಎರಡನೇದು ಹುಟ್ಟೋದು. 2023ರಲ್ಲಿ 9 ಜನ ನಿಂತಿದ್ರು, ಫೆಬ್ರವರಿ 28ಕ್ಕೆ ಪಾಲ್ ವ್ಯಾಲಸ್‌ಗೆ ಸುಮಾರು ಶೇ 33, ಬ್ರ್ಯಾಂಡನ್ ಜಾನ್ಸನ್‌ಗೆ ಶೇ 22ರ ಹತ್ರ, ಮೇಯರ್ ಆಗಿದ್ದ ಲೋರಿ ಲೈಟ್‌ಫುಟ್ಟೇ ಮೂರನೇ ಸ್ಥಾನಕ್ಕೆ ಬಿದ್ದು ಅಲ್ಲಿಗೇ ಮುಗೀತು, ಏಪ್ರಿಲ್ 4ಕ್ಕೆ ಜಾನ್ಸನ್ ಶೇ 52 ತಗೊಂಡು ಗೆದ್ರು. ‘ಮರು’ ಅಂತ ಹಾಕಿದ್ರೆ ಎಲ್ಲರೂ ಮತ್ತೆ ನಿಲ್ಲಬಹುದು ಅನ್ನೋ ಅರ್ಥ ಬಂದ್ಬಿಡುತ್ತೆ. ‘ಎರಡನೇ ಸುತ್ತಿನ ಮತದಾನ’ ಅಂತ ಬರೀರಿ. ಫ್ರಾನ್ಸ್ ಅಧ್ಯಕ್ಷರ ಚುನಾವಣೆ ಸುದ್ದೀಲಿ ಓದಿ ಎಲ್ಲರಿಗೂ ಪರಿಚಯ ಇದೆ.

ಪಕ್ಷೇತರ ಅನ್ನೋದು ಅಭ್ಯರ್ಥಿಗೆ, ಚುನಾವಣೆಗಲ್ಲ. ವ್ಯಾಲಸ್ಸೂ ಜಾನ್ಸನ್ನೂ ಇಬ್ರೂ ಡೆಮಾಕ್ರಾಟ್ ಅಂತಲೇ ಹೇಳ್ಕೊಂಡೋರು, ಮತಪತ್ರದಲ್ಲಿ ಪಕ್ಷದ ಹೆಸರಿರಲ್ಲ ಅಷ್ಟೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೇಲಿ ಇಲ್ವಾ, ಯಾರು ಯಾವ ಪಕ್ಷ ಅಂತ ಊರಿಗೆಲ್ಲ ಗೊತ್ತು, ಪಕ್ಷದ ಚಿಹ್ನೆ ಮಾತ್ರ ಇಲ್ಲ. ಅದಕ್ಕೆ ‘ಪಕ್ಷರಹಿತ’. ‘ಪಕ್ಷಾತೀತ’ ಬೇಡ, ಅದು ಹೊಗಳೋ ಮಾತು.

---

ಮತದಾನ ಯಾಕ್ರೀ? ಓಟು ದಾನ ಕೊಡೋ ವಸ್ತುನಾ? ಅದು ಹಕ್ಕು. ಎಷ್ಟು ವರ್ಷದಿಂದ ಹೇಳ್ತಿದೀನಿ ಇಲ್ಲಿ. ಚುನಾವಣೆ ಅಂತೂ ಅಪ್ಪಟ ಹಿಂದಿ ‘ಚುನಾವ್’. ನಮ್ಮದೇ ‘ಆಯ್ಕೆ’ ಇರುವಾಗ ಸಾಲ ಯಾಕೆ? ರನ್‌ಆಫ್‌ಗೆ ‘ಕಡೆಯಾಯ್ಕೆ’, ಮೇಯರ್‌ಗೆ ‘ಊರೊಡೆಯ’. ಮುಗೀತು.

---

ಮುಗೀಲಿಲ್ಲ ಸ್ವಾಮಿ. ಜನ ಓಟು ಹಾಕಿ ಇಳಿಸಬಹುದಾದ ಮನುಷ್ಯನಿಗೆ ಒಡೆಯ ಅಂತೀರಾ? ಲೈಟ್‌ಫುಟ್ 2019ರ ಎರಡನೇ ಸುತ್ತಲ್ಲಿ ಶೇ 70ಕ್ಕೂ ಮೇಲೆ ತಗೊಂಡು ಗೆದ್ದೋರು, ನಾಲ್ಕೇ ವರ್ಷಕ್ಕೆ ಮನೆಗೆ ಹೋದ್ರು.

ಚುನಾವಣೆಯ ಬೇರು ಹಿಂದಿ, ಒಪ್ಪಿದೆ. ಹಿಂದೀಲಿ ‘ಚುನಾವಣೆ’ ಎಲ್ಲಿದೆ ತೋರಿಸಿ? ಬದಲಾಯಿಸು ಬದಲಾವಣೆ, ಚಲಾಯಿಸು ಚಲಾವಣೆ, ಚುನಾಯಿಸು ಚುನಾವಣೆ. ಒಂದೇ ಅಚ್ಚು. ಬದಲಾವಣೇನೂ ಬಿಡ್ತೀರಾ? ಇನ್ನು ‘ಆಯ್ಕೆ’ ಇಲ್ಲಿ ದಾರಿ ತಪ್ಪಿಸುತ್ತೆ. ಬೆಂಗಳೂರಲ್ಲಿ ಮೇಯರನ್ನ ಆರಿಸ್ತಿದ್ದದ್ದು ಕಾರ್ಪೊರೇಟರು, ಶಾಸಕರು, ಸಂಸದರು ಸೇರಿ, ‘ಮೇಯರ್ ಆಯ್ಕೆ’ ಅಂದ ತಕ್ಷಣ ನಮ್ಮ ಹಿರಿಯರ ತಲೇಲಿ ಅದೇ ಬರೋದು, ತಾವು ಹೋಗಿ ಓಟು ಹಾಕ್ಬೇಕು ಅನ್ನೋದೇ ಹೊಳೆಯಲ್ಲ. ಶಿಕಾಗೋದಲ್ಲಿ ಜನರೇ ನೇರವಾಗಿ ಆರಿಸೋದು. ‘ದಾನ’ದ ಬಗ್ಗೆ ನೀವು ಹೇಳಿದ್ದು ಮಾತ್ರ ಸರಿ, ಕರಪತ್ರದಲ್ಲಿ ‘ಎರಡನೇ ಸುತ್ತಿನ ಚುನಾವಣೆ’ ಅಂತಲೇ ಇರಲಿ.

---

ಹಿಂದಿ ಬೇರಿಗೆ ಕನ್ನಡದ ಬಾಲ ಕಟ್ಟಿದ್ರೆ ಕನ್ನಡ ಆಗಲ್ಲ. ಬದಲಾವಣೆಗೆ ‘ಮಾರ್ಪಾಡು’ ಇದೆ, ಚಲಾವಣೆಗೂ ಹುಡುಕಿದ್ರೆ ಸಿಗುತ್ತೆ. ಹುಡುಕೋ ಮನಸ್ಸಿಲ್ಲ, ಅದೇ ರೋಗ.

---

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಹಾಕ್ತಿದೀನಿ: “ಇದು ಪಕ್ಷರಹಿತ ಚುನಾವಣೆ, ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ. ಮೊದಲ ಸುತ್ತು ಫೆಬ್ರವರಿ 23. ಯಾರಿಗೂ ಅರ್ಧಕ್ಕಿಂತ ಹೆಚ್ಚು ಓಟು ಬರದಿದ್ದರೆ, ಹೆಚ್ಚು ಓಟು ಪಡೆದ ಇಬ್ಬರ ನಡುವೆ ಏಪ್ರಿಲ್ 6ರಂದು ಎರಡನೇ ಸುತ್ತು. ಮೊದಲ ಸುತ್ತಿನಲ್ಲಿ ಓಟು ಹಾಕದವರೂ ಆಗ ಹಾಕಬಹುದು.” ಕಾಗುಣಿತ ತಪ್ಪಿದ್ರೆ ಇವತ್ತು ರಾತ್ರಿ ಒಳಗೆ ಹೇಳಿ.